ಎಪ್ಪತ್ತು ಕಿಲೋ

ಸಂಕ್ರಾಂತಿ ಕಳೆದ ಮೇಲಿನ ರೇಸಿಗೆಂದು, ಕೈಯಲ್ಲಿ ಕಾಸಿಲ್ಲದ ನಾನು ಚಳಿಗಾಲವೆಲ್ಲ ಹಳೇ ಮಾರುತಿಯ ಒಂದೊಂದೇ ಭಾಗ ಬಿಚ್ಚಿ ತೂಕ ಇಳಿಸುತ್ತಿದ್ದೆ, ಕಾರು ಹಗುರಾದಷ್ಟೂ ಓಟ ಜಾಸ್ತಿ, ಬಿಚ್ಚುವುದಕ್ಕೆ ಖರ್ಚಿಲ್ಲ. ಧನುರ್ಮಾಸದ ಒಂದು ಬೆಳಗ್ಗೆ ಪಿಲ್ಲಗುಂಪೆಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಕಾರು ನಿಲ್ಲಿಸಿದೆ. ಎದುರಿನ ಬೋರ್ಡಿನಲ್ಲಿ ಅಂಕಿ ಬಂತು, ನಾನೂ ಸೇರಿ ಆರುನೂರ ಮೂವತ್ತು ಕಿಲೋ. ಇಳಿದೆ, ನನ್ನ ಎಪ್ಪತ್ತು ಕಳೆದು ಐನೂರ ಅರವತ್ತಾಯಿತು.

ನೋಡನೋಡುತ್ತಿದ್ದಂತೆ ಖಾಲಿ ಕಾರಿನ ಡ್ರೈವರ್ ಬದಿ ಮೆಲ್ಲಗೆ ಕುಗ್ಗಿತು. ಅಂಕಿ ಮತ್ತೆ ಆರುನೂರ ಮೂವತ್ತು. ಸ್ಟೀರಿಂಗ್ ಮುಂದಿನ ಗಾಜು ಒಳಗಿನಿಂದ, ಉಸಿರು ತಾಕಿದ ಹಾಗೆ, ಮಬ್ಬಾಗತೊಡಗಿತು.

ತೂಕ ಹಾಕುವ ಪಿಳ್ಳಪ್ಪನವರು ಚಪ್ಪಲಿ ಬಿಟ್ಟು ಕ್ಯಾಬಿನ್ನಿನಿಂದ ಹೊರಬಂದರು. “ಯಾರೋ ದೊಡ್ಡೋರು ಕೂತವ್ರೆ ಕಣಪ್ಪಾ, ಕೈ ಮುಗಿ.”

ಕೈ ಮುಗಿದೆ. ಬಾಗಿಲು ತೆಗೆದು ಅದೇ ಸೀಟಿನಲ್ಲಿ ಕೂತೆ.

ಏಳುನೂರಾಗಬೇಕಿದ್ದ ಅಂಕಿ ಆರುನೂರ ಮೂವತ್ತರಿಂದ ಕದಲಲೇ ಇಲ್ಲ.