ಬಳೆ ಮೂಡದ ತಟ್ಟೆ

"ನನ್ನ ಹನ್ನೆರಡು ತಟ್ಟೆಗಳೆಲ್ಲಿ?"

ಲ್ಯಾಬಿನ ಬಾಗಿಲನ್ನು ದಡಾರನೆ ದೂಡಿ ಅವಳು ಒಳಬಂದಳು. ಮೈಕ್ರೋಸ್ಕೋಪಿನಿಂದ ಅವನು ತಲೆಯೆತ್ತಿದ.

"ನಿಮ್ಮದಾ? ಬೆಳಿಗ್ಗೆನೇ ಎಸೆದೆ. ಕ್ರಿಮಿ ಸಾಯ್ಲಿ ಅಂತ ಹಬೆಯಲ್ಲಿ ಬೇಯಿಸಿದ್ದೂ ಆಯ್ತು."

"ಎಸೆದ್ರಾ!"

"ಅವುಗಳ ತುಂಬಾ ಬ್ಯಾಕ್ಟೀರಿಯಾ ಬೆಳೆದಿತ್ತು ರೀ. ಒಂದೂ ಸತ್ತಿಲ್ಲ. ನಿಮ್ಮ ಔಷಧಿ ಕೆಲಸ ಮಾಡಿಲ್ಲ ಅಂತ ಬರೆದಿಟ್ಟಿದ್ದೀನಿ."

ಅವಳ ಕಣ್ಣು ತುಂಬಿಬಂತು. 'ಅಳಬಾರದು... ಈ ಗಂಟುಮುಖದವನ ಮುಂದಂತೂ ಅಳಲೇಬಾರದು!' ಆದರೆ ಅಳು ಯಾರ ಮಾತು ಕೇಳುತ್ತದೆ ಹೇಳಿ?

ಆಸ್ಪತ್ರೆಯ ಲ್ಯಾಬಿಗೆ ಅವನೇ ಮುಖ್ಯಸ್ಥ. ಬೆನ್ನ ಹಿಂದೆ ಎಲ್ಲರೂ ಕರೆಯುವುದು 'ಸೊನ್ನೆ ಸಾರ್' ಅಂತ. ಬದುಕುಳಿದ ಬ್ಯಾಕ್ಟೀರಿಯಾ ಸೊನ್ನೆಯಾದರೆ ಮಾತ್ರ ಸಹಿ. ಅವು ಗುಂಪುಗಟ್ಟಿ ಬೆಳೆದ ಒಂದು ಚುಕ್ಕಿ ಕಂಡರೂ ತಟ್ಟೆ ಕಸಕ್ಕೆ! ಹತ್ತು ವರ್ಷದಿಂದ ಇದೇ ಅಭ್ಯಾಸ. ಅವಳೋ, ಬಂದು ಮೂರೇ ವಾರವಾದ ಸಂಶೋಧಕಿ.

"ಅವು ಸಾಯೋದೇ ಬೇಡ ಸಾರ್!"

"ಅಂದ್ರೆ?"

"ನನ್ನ ಔಷಧಿ ಕೊಲ್ಲಲ್ಲ. ಅವು ಉಗುಳೋ ವಿಷ ನಿಲ್ಲಿಸುತ್ತೆ, ಅಷ್ಟೇ. ಕೊಲ್ಲೋಕೆ ಹೋದಷ್ಟೂ ತಪ್ಪಿಸ್ಕೊಂಡವು ಗಟ್ಟಿಯಾಗ್ತವೆ. ಆಯುಧ ಕಿತ್ಕೊಂಡ್ರೆ, ಮಿಕ್ಕಿದ್ದನ್ನ ನಮ್ಮ ಮೈಯೇ ನೋಡ್ಕೊಳ್ಳುತ್ತೆ. ತಟ್ಟೆಗೆ ರಕ್ತ ಬೆರೆಸಿದ್ದು ಅದಕ್ಕೇ. ವಿಷ ಇದ್ರೆ ಪ್ರತಿ ಚುಕ್ಕಿ ಸುತ್ತ ಕೆಂಪು ಕರಗಿ, ಬಳೆ ಥರ ತಿಳಿ ಜಾಗ ಮೂಡುತ್ತೆ. ಬಳೆ ಇತ್ತಾ?"

ಅವನು ಬರೆದಿಟ್ಟ ಪುಟವನ್ನು ತಿರುವಿ ನೋಡಿದ.

"ನಾನು... ಚುಕ್ಕಿ ಎಣಿಸಿದೆ. ಬಳೆ ನೋಡಲಿಲ್ಲ."

"ಶುಕ್ರವಾರ ಸಭೆ. ಫಲಿತಾಂಶ ತೋರಿಸದಿದ್ರೆ ನನ್ನ ಸಂಶೋಧನೆನೇ ನಿಲ್ಲಿಸ್ತಾರೆ. ಔಷಧಿ ಉಳಿದಿರೋದು ಒಂದೇ ಪುಟ್ಟ ಸೀಸೆ!"

ಅವನು ಎದ್ದು ನಿಂತ. "ಇವತ್ತಿನ್ನೂ ಮಂಗಳವಾರ. ಮತ್ತೆ ಮಾಡೋಣ. ನಾನೂ ಕೂರ್ತೀನಿ."

"ನೀವಾ? ಇಷ್ಟು ಉಪಕಾರ ಮಾಡಿದ್ದು ಸಾಲದಾ!"

ಅಂದಳು, ಆದರೂ ಒಪ್ಪಿದಳು. ಒಪ್ಪದೆ ಏನು ಮಾಡಿಯಾಳು ಪಾಪ!

ಎರಡು ದಿನ ಒಂದೇ ಮೇಜಿನ ಮುಂದೆ ಕೂತರು. ಅವನು ಒಂದು ಹನಿ ಆಚೀಚೆ ಆಗದಂತೆ ತಟ್ಟೆಗೆ ಸುರಿಯುವುದನ್ನು ಅವಳು ಕದ್ದು ನೋಡಿದಳು. 'ಕೆಲಸ ಚೆನ್ನಾಗೇ ಬರುತ್ತೆ ಮಹಾಶಯನಿಗೆ...'

"ಸಾರ್, ಬದುಕಿರೋ ಬ್ಯಾಕ್ಟೀರಿಯಾ ಕಂಡ್ರೆ ಯಾಕೆ ಅಷ್ಟು ಸಿಟ್ಟು?"

ಅವನು ಕೈಯಲ್ಲಿದ್ದ ಸೀಸೆ ಕೆಳಗಿಟ್ಟ.

"ಅಕ್ಕನಿಗೆ ಒಂದು ಚಿಕ್ಕ ಆಪರೇಷನ್ ಆಗಿತ್ತು. ಗಾಯಕ್ಕೆ ಸೋಂಕು ತಗುಲಿತು. ಒಂದಾದ ಮೇಲೊಂದು ಔಷಧಿ ಕೊಟ್ರು. ಪ್ರತಿ ಸಲನೂ ಒಂದಿಷ್ಟು ಉಳ್ಕೊಳ್ತಿತ್ತು. ಆ ಉಳಿದಿದ್ದೇ ಅವಳನ್ನ ಕರ್ಕೊಂಡು ಹೋಯ್ತು. ಅವತ್ತಿಂದ ಒಂದು ಚುಕ್ಕಿ ಕಂಡ್ರೂ ಮೈಯೆಲ್ಲ ಉರಿಯುತ್ತೆ."

ಅವಳ ಸಿಟ್ಟೆಲ್ಲ ಇಳಿದು, ಈ ಮನುಷ್ಯನ ಬಗ್ಗೆ ಏನೋ ಒಂಥರಾ ಅಕ್ಕರೆ ಹುಟ್ಟಿತು. ಅದಕ್ಕೆ ಹೆಸರಿಡಲು ಅವಳಿಗೇ ಹೆದರಿಕೆ!

ಗುರುವಾರ ಮಧ್ಯಾಹ್ನ ತಟ್ಟೆಗಳನ್ನು ಬೆಚ್ಚಗಿನ ಪೆಟ್ಟಿಗೆಯೊಳಗಿಟ್ಟರು. ಸಂಜೆ ಹೊರಡುವಾಗ, ಅವನು ಲಕೋಟೆ ಹಿಡಿದು ಆಸ್ಪತ್ರೆಯ ನಿರ್ದೇಶಕಿಯ ಕೋಣೆಗೆ ಹೋಗುವುದು ಅವಳಿಗೆ ಕಂಡಿತು.

"ನಿಮ್ಮ ಔಷಧಿ ವಿಷಯಾನೇ ಮೇಡಂ," ಅಂದ ಕೋಣೆಯ ಹೊರಗೆ ಕೂತಿದ್ದ ಗುಮಾಸ್ತ.

'ಫಲಿತಾಂಶ ಬರೋ ಮುಂಚೆನೇ ದೂರು ಕೊಟ್ಟುಬಿಟ್ಟನಾ? ಅಕ್ಕನ ಕಥೆ ಹೇಳಿ ನನ್ನ ಮನಸ್ಸು ಕರಗಿಸಿ... ಛೇ, ನಂಬಿ ಕೆಟ್ಟೆ!'

"ಒಂದ್ನಿಮಿಷ..." ಹೊರಬಂದ ಅವನು ಕೂಗಿದ.

"ಕೆಲಸ ಇದೆ," ಅಂದವಳೇ ತಿರುಗಿಯೂ ನೋಡದೆ ಹೊರಟುಹೋದಳು.

ಶುಕ್ರವಾರ. ಸಭೆಯಲ್ಲಿ ನಿರ್ದೇಶಕಿ ಕನ್ನಡಕ ಏರಿಸಿ ಆ ಲಕೋಟೆಯಲ್ಲಿದ್ದ ಪತ್ರವನ್ನೇ ಮೊದಲು ಓದಿದರು.

"'ತಟ್ಟೆಗಳನ್ನು ಸರಿಯಾಗಿ ನೋಡದೆ ಎಸೆದವನು ನಾನು. ಔಷಧಿ ವಿಫಲ ಎಂದು ಬರೆದದ್ದು ನನ್ನ ತಪ್ಪು, ಸಂಶೋಧಕಿಯದಲ್ಲ. ಶುಕ್ರವಾರದ ಫಲಿತಾಂಶ ಏನೇ ಬಂದರೂ ಅವರಿಗೆ ಇನ್ನೊಂದು ಅವಕಾಶ ಕೊಡಿ. ನನ್ನ ಸ್ಥಾನ ಬಿಡಲು ಸಿದ್ಧನಿದ್ದೇನೆ.'"

ಅಯ್ಯೋ ದೇವರೇ! ಅವಳಿಗೆ ತಲೆಯೆತ್ತಲು ನಾಚಿಕೆಯಾಯಿತು.

ಅವನು ತಟ್ಟೆಗಳನ್ನು ಮೇಜಿನ ಮೇಲಿಟ್ಟ. ಔಷಧಿ ಹಾಕದ ತಟ್ಟೆಗಳಲ್ಲಿ ಚುಕ್ಕಿಚುಕ್ಕಿಗೂ ಬಳೆ. ಔಷಧಿ ಹಾಕಿದವುಗಳಲ್ಲಿ ಅಷ್ಟೇ ಚುಕ್ಕಿಗಳು... ಆದರೆ ಒಂದಕ್ಕೂ ಬಳೆಯಿಲ್ಲ! ಕೆಂಪು ಹಾಗೇ ಉಳಿದಿತ್ತು.

"ಇದಿನ್ನೂ ಮೊದಲ ಮೆಟ್ಟಿಲು. ಆದ್ರೂ ಮುಂದುವರಿಸಿ ಮಗಳೇ," ಎಂದರು ನಿರ್ದೇಶಕಿ. ಅವನತ್ತ ತಿರುಗಿ, "ನೀವು ಎಲ್ಲಿಗೂ ಹೋಗ್ಬೇಡಿ. ಇನ್ಮೇಲೆ ಕಣ್ಣುಬಿಟ್ಟು ನೋಡಿ ಸಾಕು," ಎಂದು ಪತ್ರ ಹರಿದರು.

ಹೊರಗೆ ಉದ್ದನೆಯ ಕಾರಿಡಾರಿನಲ್ಲಿ ಇಬ್ಬರೇ ಉಳಿದರು.

"ನಿನ್ನೆಯಿಂದ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ. ಮನಸ್ಸಲ್ಲೇ. ತಪ್ಪಾಯ್ತು," ಅಂದಳು ಅವಳು.

"ಗೊತ್ತಾಯ್ತು. ಮುಖದ ಮೇಲೇ ಬರೆದಿತ್ತು."

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಬೆಳಿಗ್ಗೆ ಆ ತಟ್ಟೆ ನೋಡ್ತಾ ನಿಂತಿದ್ದೆ," ಅವನ ದನಿ ಇಳಿಯಿತು. "ಎಲ್ಲಾ ಬದುಕಿದ್ವು. ಆದ್ರೂ ಮೈ ಉರೀಲಿಲ್ಲ. ಎಷ್ಟೋ ವರ್ಷದ ಮೇಲೆ ಅಕ್ಕ ನಗ್ತಿದ್ದ ಮುಖ ನೆನಪಾಯ್ತು... ಇಲ್ಲಾಂದ್ರೆ ಬರೀ ಹಾಸಿಗೆ ಹಿಡಿದಿದ್ದೇ ಕಣ್ಣ ಮುಂದೆ ಬರ್ತಿತ್ತು."

ಅವಳು ಹತ್ತಿರ ಬಂದು ನಿಂತಳು.

"ಅಕ್ಕ ಹೋದ ಮೇಲೆ ಯಾರನ್ನೂ ಹತ್ತಿರ ಬಿಟ್ಕೊಂಡಿಲ್ಲ. ಮತ್ತೆ ಕಳ್ಕೊಂಡ್ರೆ ಅನ್ನೋ ಭಯ. ಆದ್ರೆ ನೀವು... ನಿಮ್ಮನ್ನ ಪ್ರೀತಿಸ್ತೀನಿ ರೀ."

"ಭಯ ಹೋಯ್ತಾ ಹಾಗಾದ್ರೆ?"

"ಇಲ್ಲ. ಇನ್ನೂ ಇದೆ."

"ಇರಲಿ ಬಿಡಿ." ಅವಳು ಮೆಲ್ಲಗೆ ಅವನ ಕೈ ಹಿಡಿದಳು. "ನಾನೂ ಪ್ರೀತಿಸ್ತೀನಿ. ಭಯ ಇಟ್ಕೊಂಡೇ ಬನ್ನಿ."