ಗಿರಣಿ ಬಾಗಿಲ ಆಚೆಯ ಕರೆ

“ನಿಮ್ಮವ್ವ ಬಂದವ್ಳೆ ಕಣೋ ಡೆಟ್ಲೆಫ್! ಕೋಟೆಯ ಗಿರಣಿ ಬಾಗಿಲ ಆಚೆ ನಿಂತು ‘ಮಗಾ ಡೆಟ್ಲೆಫ್’ ಅಂತ ಕೂಗ್ತಾವ್ಳೆ!”

ದೋಣಿಯಿಂದ ಉಪ್ಪಿನ ಮೂಟೆ ಇಳಿಸುತ್ತಿದ್ದ ಡೆಟ್ಲೆಫ್ ಗಹಗಹಿಸಿ ನಕ್ಕ. “ವೊಬ್ಬೆಕಕ್ಕ, ಬೆಳ್‌ಬೆಳಗ್ಗೆನೇ ಬಿಯರ್ ಏರಿಸ್ಬಿಟ್ಯಾ? ನಮ್ಮವ್ವನ್ನ ಮಣ್ಣು ಮಾಡಿ ಆರು ವರ್ಷ ಆಯ್ತು.”

“ಅದಕ್ಕೇ ಓಡ್ಬಂದೆ.” ಪೀಪಾಯಿಗೆ ಮೀನು ತುಂಬುವ ವೊಬ್ಬೆಕೆ ಅವನ ಮೂಟೆ ಕಿತ್ತು ಕೆಳಗಿಟ್ಟಳು. ಮೊಣಕೈವರೆಗೂ ಹೆರಿಂಗ್ ಮೀನಿನ ಹುರುಪೆ. “ನಿಮ್ಮ ದಣಿ ಗೋರಿ ಮಣ್ಣು ತೆಗೆಸಿ ಮಾಟ ಮಾಡಿಸವ್ನೆ. ನೀನು ಹತ್ರ ಹೋದ್ರೆ ಮೂರು ಸಲ ಕರೀತದೆ. ‘ಓ’ ಅಂದ್ಯೋ, ಮುಗೀತು, ಅವನ ಸೊತ್ತು ನೀನು. ನಾಳೆ ಮಧ್ಯಾಹ್ನದವರ್ಗೂ ಬಾಯಿ ಹೊಲ್ಕೊಂಡಿರು.”

ದಣಿಯ ಹೊಲ ಬಿಟ್ಟು ಓಡಿಬಂದ ಜೀತದಾಳು ಲ್ಯೂಬೆಕ್ ಪಟ್ಟಣದ ಕೋಟೆಯೊಳಗೆ ಒಂದು ವರ್ಷ, ಮೇಲೊಂದು ದಿನ ಕಳೆದರೆ ಸ್ವತಂತ್ರ. ಆಮೇಲೆ ಯಾವ ದಣಿಯೂ ಮುಟ್ಟುವಂತಿಲ್ಲ. ಹೋದ ವರ್ಷ ಸಂತ ಗಾಲನ ಹಬ್ಬದ ದಿನ, ನಡು ಮಧ್ಯಾಹ್ನ, ಡೆಟ್ಲೆಫ್ ಒಳಗೆ ಕಾಲಿಟ್ಟಿದ್ದ. ಇವತ್ತು ಮತ್ತೆ ಅದೇ ದಿನ.

“ವರ್ಷ ತುಂಬ್ತಲ್ಲಕ್ಕ!”

“ಆ ಒಂದು ದಿನ?”

“ಅದು ಕೊಸರು. ನೀನು ಮೀನಿನ ಮೇಲೊಂದು ಮರಿಮೀನು ಎಸೀತೀಯಲ್ಲ, ಹಂಗೆ. ನಡಿ, ನಮ್ಮವ್ವನ ವೇಷ ಹಾಕಿರೋಳು ಯಾವಳು ನೋಡೇಬಿಡಣ.”

ಗಿರಣಿ ಬಾಗಿಲ ಹತ್ತಿರ ಮಂಜು ಮುಸುಕಿತ್ತು. ಆ ದನಿ ಕೇಳಿ ಕಾವಲಿನವರು, ಇನ್ನು ನಾಳೆ ಬೆಳಗ್ಗೆಯೇ ತೆಗೆಯುವುದೆಂದು ಹಾಡಹಗಲಲ್ಲೇ ಅಗುಳಿ ಜಡಿದು, ಮೂಲೆಯಲ್ಲಿ ಮುದುರಿ ಜಪಮಣಿ ಎಣಿಸುತ್ತಿದ್ದರು. ಡೆಟ್ಲೆಫ್ ಬಾಗಿಲಿಗೆ ಎದೆಯೊಡ್ಡಿ ನಿಂತ. ಟಾರಿನ ವಾಸನೆ, ಮೀನಿನ ವಾಸನೆ, ಊರಿನ ಹೊಗೆ ಎಲ್ಲ ತಟ್ಟನೆ ಇಲ್ಲವಾದವು. ಉಳಿದದ್ದು ಒಂದೇ. ಆಗಷ್ಟೇ ಉತ್ತ ಹಸಿ ಮಣ್ಣಿನ ವಾಸನೆ.

“ಡೆಟಾ...”

ಅವ್ವ ಮಾತ್ರ ಕರೆಯುತ್ತಿದ್ದ ಆ ಮುದ್ದು ಹೆಸರು ಈ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಡೆಟಾ.” ಹಿಂದೆಯೇ ಕೆಮ್ಮು. ಕೊನೆಯ ಚಳಿಗಾಲದ ಅದೇ ಕೆಮ್ಮು.

ನಗು ಒಣಗಿತು. ವೊಬ್ಬೆಕೆ ಹಿಂದಿನಿಂದ ಅವನ ಬಾಯಿ ಅದುಮಿ ಹಿಡಿದಳು. ಅವನೂ ಹಲ್ಲು ಕಚ್ಚಿದ.

“ಡೆಟಾ, ಗಂಜಿ ಆರೋಗ್ತದೆ. ಬಾರೋ ಕಂದ.”

“ಓ ಅವ್ವಾ—”

ವೊಬ್ಬೆಕೆಯ ಕೈ ಜಾರಿತ್ತು. ಯೋಚಿಸಿ ಅಂದದ್ದಲ್ಲ. ಹುಟ್ಟಿದಾಗಿನಿಂದ ಕಲಿತ ನಾಲಿಗೆ ತಾನಾಗಿ ಅಂದುಬಿಟ್ಟಿತು.

ಬಾಯಿ ತುಂಬ ಮಣ್ಣು. ಉಗಿದ. ಮತ್ತೆ ಮಣ್ಣು. ಬೇರು. ಎರೆಹುಳು. ವೊಬ್ಬೆಕೆ ಚೀರುತ್ತಿದ್ದಾಳೆ. ಕೇಳಿಸುತ್ತಿಲ್ಲ. ಕಾಲು ಬಾಗಿಲ ಕಡೆಗೇ. ನಿಲ್ಲಿಸಲಾಗುತ್ತಿಲ್ಲ. ನನ್ನ ಕಟ್ಟಿಹಾಕಕ್ಕ, ಅನ್ನಬೇಕು. ಕಟ್ಟಿಹಾಕು. ನಾಲಿಗೆ ಅವನದಲ್ಲ.

ಬಾಗಿಲ ಆಚೆ ಈಗ ಬೇರೆ ದನಿ. ಗಂಡಸಿನದು. ದಣಿಯ ಕಾರಭಾರಿಯದು.

“ಯಾವಾಗ ಬರ್ತೀಯೋ?”

ಡೆಟ್ಲೆಫ್‌ನ ಬಾಯಿ ತೆರೆಯಿತು. ಅದು ಆಡಿದ್ದನ್ನು ಅವನು ಕೇಳಿಸಿಕೊಳ್ಳುತ್ತ ನಿಂತ.

“ನಾಳೆ ಬೆಳಗ್ಗೆ ಬುದ್ಧಿ. ಬಾಗಿಲು ತೆಗೀತಿದ್ದಂಗೇ. ನೇಗಿಲು ಹೂಡಿಟ್ಟಿರಿ.”