ಏಳನೆಯ ತೂತು

“ನನ್ನ ಇಡ್ಲಿ ಪಾತ್ರೆಯ ಮುಚ್ಚಳ ಎಲ್ಲಿ?” ಅಡುಗೆಮನೆಯಿಂದ ಬೇಬಿ ಅಜ್ಜಿ ಕೂಗಿದರು.

ಚಾವಡಿಯಲ್ಲಿ ಮೋಕ್ಷಾ ಝಾಕಿರನ ಮುಖ ನೋಡಿದಳು. ಮುಚ್ಚಳ ಅವರ ಮುಂದೆಯೇ ಇತ್ತು. ಸುತ್ತಲೂ ಕೆಂಪು ಸ್ಟಿಕ್ಕರ್, ಮೇಲೆ ಎರಡು ಆಂಟೆನಾ. ಈಗ ಅದು ಏಲಿಯನ್‌ಗಳ ಹಾರುವ ತಟ್ಟೆ. ಪಕ್ಕದಲ್ಲಿ ಫೋಟೋಗಳನ್ನು ಅಂಟಿಸಿದ ಚಾರ್ಟ್.

ನಾಳೆ ಶಾಲೆಯಲ್ಲಿ ಎಕ್ಸಿಬಿಷನ್. ಐದನೇ ಕ್ಲಾಸಿನ ಫಸ್ಟ್ ಪ್ರೈಜ್ ತಮಗೇ ಎಂದು ಇಬ್ಬರೂ ತೀರ್ಮಾನಿಸಿಬಿಟ್ಟಿದ್ದರು.

ಅಜ್ಜಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ಅಯ್ಯೋ, ಇದಕ್ಕೆ ಕೊಂಬು ಬೇರೆ ಬಂದಿದೆ! ಎಂತ ಇದು?”

“ನಮ್ಮ ಕಾರ್ಕಳದ ಗೊಮ್ಮಟನನ್ನು ಕೆತ್ತಿದ್ದು ಏಲಿಯನ್‌ಗಳು ಅಜ್ಜಿ,” ಎಂದ ಝಾಕಿರ್. “ಯೂಟ್ಯೂಬಿನಲ್ಲಿ ಉಂಟು.”

“ಹೌದಾ? ಅವರಿಗೆ ಮಧ್ಯಾಹ್ನ ಗಂಜಿ ಕೊಟ್ಟದ್ದು ಯಾರಂತೆ?”

“ಅವರು ಗಂಜಿ ಊಟ ಮಾಡುವುದಿಲ್ಲ!”

“ಗಂಜಿ ಇಲ್ಲದೆ ಕಲ್ಲಿನ ಕೆಲಸವಾ? ಸರಿ, ಆ ಚಾರ್ಟ್ ಓದು ಮಗಾ. ನನಗೆ ಅಕ್ಷರ ಬರುವುದಿಲ್ಲ ಅಲ್ವಾ.”

ಮೋಕ್ಷಾ ಗಂಟಲು ಸರಿಮಾಡಿಕೊಂಡಳು. “ಪ್ರೂಫ್ ಇಲ್ಲಿದೆ! ಮೋಕ್ಷಾಳ ಮನೆಯ ಹಿಂದಿನ ಪಾದೆಕಲ್ಲಿನಲ್ಲಿ ಸಾಲಾಗಿ ಒಂಬತ್ತು ತೂತುಗಳಿವೆ. ಇವು ಲೇಸರ್ ಗನ್ನಿನ ಗುರುತು. ಏಳನೆಯದು ಸೊಟ್ಟ. ಆಗ ಏಲಿಯನ್‌ಗೆ ಸೀನು ಬಂದಿರಬೇಕು.”

ಅಜ್ಜಿ ನಗುತ್ತಾ ಅಲ್ಲೇ ಕುಳಿತುಬಿಟ್ಟರು. “ಮುಂದೆ?”

ಮುಂದಿನ ಸಾಲಿಗೆ ಬಂದ ಮೋಕ್ಷಾ ತಟ್ಟನೆ ನಿಂತಳು. “ಅಷ್ಟೇ ಅಜ್ಜಿ.”

“ಇಲ್ಲ ಮಾರಾಯ್ತಿ, ಇನ್ನೊಂದು ಸಾಲು ಉಂಟು!” ಝಾಕಿರ್ ಜೋರಾಗಿ ಓದಿದ. “ಓದು ಬರಹ ಬಾರದ ಜನರಿಂದ ಇಂಥ ಕೆಲಸ ಸಾಧ್ಯವೇ ಇಲ್ಲ...” ಓದಿ ಮುಗಿಸಿ ನಾಲಿಗೆ ಕಚ್ಚಿಕೊಂಡ.

ವಿಡಿಯೋದ ಆ ಸಾಲನ್ನು ಚಂದದ ಅಕ್ಷರದಲ್ಲಿ ಬರೆದವಳು ಮೋಕ್ಷಾಳೇ. ಅವಳ ಕಿವಿ ಬಿಸಿಯಾಯಿತು.

ಅಜ್ಜಿ ಎದ್ದು ಹಿತ್ತಲಿನ ಪಾದೆಕಲ್ಲಿನ ಕಡೆಗೆ ನಡೆದರು. ಇಬ್ಬರೂ ಹಿಂದೆ ಹೋದರು.

“ಲೇಸರ್ ಅಂತೆ! ಒಂದೊಂದು ತೂತಿಗೂ ನನ್ನ ಅಪ್ಪನ ನಾಲ್ಕು ಉಳಿ ಮೊಂಡಾಗುತ್ತಿತ್ತು. ಕುಲುಮೆಗೆ ಹೊತ್ತುಕೊಂಡು ಹೋಗಿ ಚೂಪು ಮಾಡಿಸಿ ತರುವುದು ನನ್ನ ಕೆಲಸ. ಆಮೇಲೆ ತೂತುಗಳಿಗೆ ಕಬ್ಬಿಣದ ಬೆಣೆ ಇಟ್ಟು, ಒಂದಕ್ಕೆ ಒಂದೇ ಪೆಟ್ಟಿನಂತೆ ಸಾಲಾಗಿ ಹೊಡೆಯಬೇಕು. ಸದ್ದು ಬದಲಾಯಿತೋ, ಕಲ್ಲು ಬಾಯಿ ಬಿಡುತ್ತದೆ ಅಂತ ಲೆಕ್ಕ.”

“ಇದು ಯಾಕೆ ಒಡೆಯಲಿಲ್ಲ?” ಝಾಕಿರ್ ಕೇಳಿದ.

“ಅಪ್ಪ ಊಟಕ್ಕೆ ಹೋದಾಗ ಏಳನೆಯದನ್ನು ನಾನು ಕೊರೆದೆ. ಹನ್ನೊಂದು ವರ್ಷ ನನಗೆ. ಸೀನು ಗೀನು ಎಂತದೂ ಬಂದಿರಲಿಲ್ಲ. ಸೊಟ್ಟ ಆಯಿತು, ಬೆಣೆ ನಿಲ್ಲಲಿಲ್ಲ.”

“ಬೈದರಾ?”

“ಎರಡು ದಿನದ ಕೆಲಸ ಹಾಳು, ಬೈಯದೆ ಇರುತ್ತಾರಾ? ಆಮೇಲೆ ಬೆರಳು ಹಾಕಿ ನೋಡಿ, ‘ಆಳ ಸರಿ ಉಂಟು’ ಅಂದರು.”

ಮೋಕ್ಷಾ ಏಳನೆಯ ತೂತಿಗೆ ಬೆರಳು ಹಾಕಿದಳು. ಒಳಗೆ ತಣ್ಣಗಿತ್ತು. ಉಳಿಯ ಗೀರುಗಳು ಬೆರಳಿಗೆ ತಾಗಿದವು.

“ಹಾಗಾದರೆ ಗೊಮ್ಮಟ?” ಝಾಕಿರ್ ಇನ್ನೂ ಬಿಡಲಿಲ್ಲ.

“ಆರುನೂರು ವರ್ಷದ ಹಿಂದಿನದ್ದು, ನಾನು ಕಂಡಿಲ್ಲ. ನಿನ್ನ ಯೂಟ್ಯೂಬಿನವನೂ ಕಂಡಿಲ್ಲ. ಆದರೆ ಅಲ್ಲಿಯೂ ಉಳಿ ಹೊರುವ ಒಬ್ಬಳು ಹುಡುಗಿ ಇದ್ದಾಳು.”

ಚಾವಡಿಗೆ ಬಂದ ಮೇಲೆ ಝಾಕಿರ್ ಆಂಟೆನಾ ಕಿತ್ತ. “ಫಸ್ಟ್ ಪ್ರೈಜ್ ಹೋಯಿತು ಮಾರಾಯ್ತಿ.”

ಮೋಕ್ಷಾ ಕತ್ತರಿ ತಂದು ಕೊನೆಯ ಸಾಲನ್ನು ಕತ್ತರಿಸಿ ತೆಗೆದಳು. ಏಳನೆಯ ತೂತಿನ ಫೋಟೋದ ಕೆಳಗೆ ಬಿಳಿ ಕಾಗದ ಅಂಟಿಸಿ ದೊಡ್ಡದಾಗಿ ಏನೋ ಬರೆದಳು.

ಮುಚ್ಚಳದ ಸ್ಟಿಕ್ಕರ್ ಕೆರೆಯುತ್ತಿದ್ದ ಅಜ್ಜಿ ಇಣುಕಿದರು. “ಎಂತ ಬರೆದೆ?”

ಮೋಕ್ಷಾ ಹತ್ತಿರ ಸರಿದಳು. ಅಜ್ಜಿಯ ಬೆರಳು ಹಿಡಿದು ಅಕ್ಷರದ ಮೇಲಿಟ್ಟಳು.

“ಇದು ‘ಬೇ’ ಅಜ್ಜಿ,” ಎಂದಳು. “ಇದು ‘ಬಿ’.”